ಹಿಮ್ಮಡಿಯ ನರಕ್ಕೆ ಮೆಟ್ಟಿಲ ಮದ್ದು

ಏಪ್ರಿಲ್ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಅಟ್ಟ ಸೇರಿದ್ದ ಹಾಕಿ ಸ್ಟಿಕ್ಕುಗಳು ಕೆಳಗಿಳಿಯುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಕೂಡಿಸಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ, ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಡೆಯಿತು. ಆ ಸಲ 360 ಕುಟುಂಬಗಳ ತಂಡಗಳು ಕಣಕ್ಕಿಳಿದು ಹಬ್ಬ ಗಿನ್ನೆಸ್ ದಾಖಲೆಗೆ ಸೇರಿತು. ಮಡಿಕೇರಿ–ವಿರಾಜಪೇಟೆ ರಸ್ತೆಯ ಮೂರ್ನಾಡಿಗೆ ನಾಪೋಕ್ಲು ಪಕ್ಕದ ಊರು. ಹಬ್ಬದ ದಿನಗಳಲ್ಲಿ ಇಲ್ಲಿನ ಚಹಾದಂಗಡಿಗಳಲ್ಲಿಯೂ ಅದೇ ಮಾತು. ಈ ಹಬ್ಬದ ಸೊಗಸೆಂದರೆ ಇಲ್ಲಿ ವಯಸ್ಸಿನ ಲೆಕ್ಕವಿಲ್ಲ. ಹೈಸ್ಕೂಲು ಹುಡುಗನ ಪಕ್ಕದಲ್ಲಿ ಅವನ ದೊಡ್ಡಪ್ಪ, ಅವರ ಪಕ್ಕದಲ್ಲಿ ಸೊಸೆ, ಎಲ್ಲರೂ ಒಂದೇ ತಂಡದಲ್ಲಿ ಆಡುತ್ತಾರೆ.

ಆ ದೊಡ್ಡಪ್ಪ ಮೈದಾನದಲ್ಲಿ ಓಡಿದ್ದು ಕಳೆದ ವರ್ಷದ ಹಬ್ಬದಲ್ಲಿ. ನಡುವಿನ ಹನ್ನೊಂದು ತಿಂಗಳು ಜೀಪು, ತೋಟ, ಬ್ಯಾಂಕು, ಮದುವೆ ಮನೆ. ಪಂದ್ಯದ ಮರುದಿನ ಮುಂಜಾನೆ ಹಾಸಿಗೆಯಿಂದಿಳಿದು ಬಚ್ಚಲಿಗೆ ನಡೆಯುವಾಗ ಹಿಮ್ಮಡಿಯ ಮೇಲ್ಭಾಗದಲ್ಲಿ ಹಗ್ಗ ಬಿಗಿದಂತೆ ಎಳೆಯುತ್ತದೆ. ಹತ್ತಿಪ್ಪತ್ತು ಹೆಜ್ಜೆ ಕಳೆದ ಮೇಲೆ ಸಡಿಲವಾಗುತ್ತದೆ, ಸಂಜೆಗೆ ಮತ್ತೆ ಹಿಡಿದುಕೊಳ್ಳುತ್ತದೆ. ಎರಡು ಬೆರಳಿನಿಂದ ಚಿವುಟಿ ಹಿಡಿದರೆ ಆ ಜಾಗ ದಪ್ಪಗಾಗಿದೆ, ಮುಟ್ಟಿದರೆ ನೋಯುತ್ತದೆ. ಊರಿನ ಮಾತಿನಲ್ಲಿ ಇದು 'ಹಿಮ್ಮಡಿ ನರ ಹಿಡಿದಿದೆ'. ವೈದ್ಯರ ಮಾತಿನಲ್ಲಿ ಅಕಿಲಿಸ್ ಟೆಂಡಿನೋಪತಿ.

ಇದನ್ನು ಆಟಗಾರರ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ. ಮೂರ್ನಾಡಿನ ಸುತ್ತಲಿನ ತೋಟಗಳಲ್ಲಿ ಸಮತಟ್ಟು ನೆಲ ಕಡಿಮೆ. ಕಾಫಿ ಕುಯ್ಲಿನವರು ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ನಿಲ್ಲುತ್ತಾರೆ, ತುಂಬಿದ ಚೀಲ ಹೊತ್ತು ಏರು ಹತ್ತುತ್ತಾರೆ. ಏರಿನಲ್ಲಿ ಪಾದ ಮೇಲಕ್ಕೆ ಬಾಗಿದಷ್ಟೂ ಹಿಮ್ಮಡಿಯ ಹಿಂಭಾಗ ಎಳೆಯುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಕರಿಮೆಣಸು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯ ಮೇಲೆ ಮೆಣಸು ಕೊಯ್ಯುವವರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪಾದದ ಮುಂಭಾಗವಷ್ಟೇ ಏಣಿಯ ಮೆಟ್ಟಿಲಿನ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ದೂರದ ಗೊಂಚಲಿಗೆ ಕೈ ಚಾಚಿದಾಗ ಹಿಮ್ಮಡಿ ಮೇಲೇಳುತ್ತದೆ, ಚೀಲಕ್ಕೆ ಹಾಕುವಾಗ ಮೆಲ್ಲಗೆ ಕೆಳಗಿಳಿಯುತ್ತದೆ. ಈ ಭಂಗಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನ ನರ ಎಂದು ಕರೆಯುವುದು ವಾಸ್ತವದಲ್ಲಿ ನರವಲ್ಲ. ಮೀನಖಂಡದ ಎರಡು ಸ್ನಾಯುಗಳು ಕೆಳಗೆ ಬಂದು ಒಂದಾಗಿ, ಹಿಮ್ಮಡಿ ಮೂಳೆಗೆ ಬೆಸೆದುಕೊಳ್ಳುವ ಸುಮಾರು 15 ಸೆಂಟಿಮೀಟರ್ ಉದ್ದದ ಹುರಿ ಅದು. ಸುಶ್ರುತ ಸಂಹಿತೆ ದೇಹದಲ್ಲಿ 16 'ಕಂಡರ'ಗಳನ್ನು ಎಣಿಸಿ, ಅವುಗಳಲ್ಲಿ ನಾಲ್ಕನ್ನು ಕಾಲುಗಳಿಗೆ ಕೊಟ್ಟಿದೆ. ಕನ್ನಡಕ್ಕೂ ಒಪ್ಪುವ ಪದ ಅದು. ಯುರೋಪಿನಲ್ಲಿ 1693ರಲ್ಲಿ ಫಿಲಿಪ್ ವೆರ್ಹೇಯನ್ ಎಂಬ ಅಂಗರಚನಾ ತಜ್ಞ ಇದಕ್ಕೆ ಗ್ರೀಕ್ ವೀರ ಅಕಿಲಿಸ್‌ನ ಹೆಸರು ಬಳಸಿದ. ಮೈಯೆಲ್ಲ ಅಭೇದ್ಯವಾಗಿದ್ದು ಹಿಮ್ಮಡಿಯೊಂದರಲ್ಲಿ ಬಾಣ ತಾಗಿ ಸತ್ತವನು ಅವನು. ಮೌಸಲ ಪರ್ವದಲ್ಲಿ ಜರನೆಂಬ ಬೇಡನ ಬಾಣ ಕೃಷ್ಣನ ಪಾದಕ್ಕೆ ತಾಗಿದ ಕಥೆ ಬಲ್ಲವರಿಗೆ ಇದು ಹೊಸದೆನಿಸದು.

ಕಥೆಯಲ್ಲಿ ದುರ್ಬಲ ಎನಿಸಿಕೊಂಡ ಈ ಕಂಡರ ಮನುಷ್ಯನ ದೇಹದಲ್ಲೇ ಅತ್ಯಂತ ದಪ್ಪ, ಅತ್ಯಂತ ಬಲಿಷ್ಠ. ಓಡುವಾಗ ಅದರ ಮೇಲೆ ಬೀಳುವ ಎಳೆತ ದೇಹದ ತೂಕದ ಆರೇಳು ಪಟ್ಟು. ತೊಂದರೆ ಇರುವುದು ದುರಸ್ತಿಯಲ್ಲಿ. ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತ ಸಂಚಾರ ಕಡಿಮೆ. ಹೊರೆ ದಿಢೀರನೆ ಹೆಚ್ಚಿದಾಗ ಕೊಲಾಜೆನ್ ಎಳೆಗಳು ಹದಗೆಡುತ್ತವೆ. ಅಚ್ಚುಕಟ್ಟಾಗಿ ಹೊಸೆದ ಹಗ್ಗದಂತಿದ್ದ ಎಳೆಗಳು ಕೆದರಿದ ನಾರಿನಂತಾಗಿ, ಆ ಭಾಗ ಊದಿಕೊಂಡು ದಪ್ಪವಾಗುತ್ತದೆ. ನಡುಭಾಗದ ಈ ನೋವು ಒಂದು ಬಗೆ. ಕಂಡರ ಮೂಳೆಗೆ ಅಂಟುವಲ್ಲೇ ಕಾಣಿಸುವ ನೋವು ಇನ್ನೊಂದು. ಎರಡಕ್ಕೂ ಉಪಚಾರ ಒಂದೇ ಅಲ್ಲ. ಅಂಗಾಲಿನ ಕಡೆಯಿಂದ ಹಿಮ್ಮಡಿಯ ಅಡಿಗೆ ಚುಚ್ಚುವ ನೋವು ಮೂರನೆಯದೇ ಕಾಯಿಲೆ, ಅದರ ಚರ್ಚೆ ಇಲ್ಲಿಲ್ಲ.

ಬಹುಕಾಲ ವೈದ್ಯರು ಇದನ್ನು ಉರಿಯೂತ ಎಂದೇ ನಂಬಿದ್ದರು. ಉರಿಯೂತವಾದರೆ ವಿಶ್ರಾಂತಿ, ಮಂಜುಗಡ್ಡೆ, ಡಿಕ್ಲೋಫೆನಾಕ್ ಸಾಕು. ಆದರೆ ಹಳೆಯ ನೋವಿನ ಕಂಡರದ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರಿಗೆ ಉರಿಯೂತದ ಕಣಗಳು ಹೆಚ್ಚೇನೂ ಸಿಗಲಿಲ್ಲ. ಕಂಡದ್ದು ಸೋತ ದುರಸ್ತಿ. ಮಾತ್ರೆ ನುಂಗಿದ ನಾಲ್ಕು ದಿನ ನೋವು ಇಳಿದರೂ ಕಂಡರ ಇದ್ದಲ್ಲೇ ಇರುವುದು ಇದರಿಂದಲೇ. ಬರೀ ವಿಶ್ರಾಂತಿಯಿಂದ ಇನ್ನೊಂದು ಕೇಡು. ಕೆಲಸವಿಲ್ಲದ ಮೀನಖಂಡ ವಾರಗಳಲ್ಲೇ ಬಲ ಕಳೆದುಕೊಳ್ಳುತ್ತದೆ. ತಿಂಗಳು ಮಲಗಿ ಎದ್ದು ತೋಟಕ್ಕಿಳಿದವರ ಕಂಡರಕ್ಕೆ ಮೊದಲಿಗಿಂತ ಹೆಚ್ಚು ಹೊರೆ ಬಿದ್ದು ನೋವು ಮರಳುತ್ತದೆ. 'ರೆಸ್ಟ್ ತಗೊಳ್ಳಿ' ಎಂಬ ಒಂದೇ ಸಾಲಿನ ಸಲಹೆಯಿಂದ ಕೂಲಿಯೂ ಹೋಗುತ್ತದೆ, ಕಾಲೂ ಸರಿಯಾಗುವುದಿಲ್ಲ.

ತಿರುವು ಬಂದದ್ದು ಸ್ವೀಡನ್ನಿನ ಉತ್ತರದ ಊರಾದ ಉಮಿಯೋದಿಂದ. ಅಲ್ಲಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್ಸನ್ ಅವರಿಗೇ ಹಿಮ್ಮಡಿ ಕಂಡರ ನೋಯುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೋದರೆ ಅವರ ಮೇಲಧಿಕಾರಿ ಒಪ್ಪಲಿಲ್ಲ. ಕಂಡರ ಹರಿದೇ ಹೋದರೆ ಆಪರೇಷನ್ ಮಾಡಲೇಬೇಕಲ್ಲ ಎಂಬ ಹಟದಿಂದ ಅವರು ನೋವಿರುವ ಕಾಲಿನ ಮೇಲೆ ಭಾರ ಹೇರಿ ಮೇಲಿಂದ ಮೇಲೆ ವ್ಯಾಯಾಮ ಮಾಡತೊಡಗಿದರು. ಹರಿಯಬೇಕಾದದ್ದು ಹರಿಯಲಿಲ್ಲ, ನೋವೇ ಹೋಯಿತು. 1998ರಲ್ಲಿ ಅವರ ತಂಡ 15 ಓಟಗಾರರ ಮೇಲೆ ಇದೇ ವ್ಯಾಯಾಮದ ಫಲವನ್ನು ಪ್ರಕಟಿಸಿತು. ಹನ್ನೆರಡು ವಾರ ಮುಗಿದಾಗ ಹದಿನೈದೂ ಮಂದಿ ಮತ್ತೆ ಓಡುತ್ತಿದ್ದರು. ಕೆನಡಾದ ವಿಲಿಯಂ ಸ್ಟಾನಿಶ್ ಮತ್ತು ಸಾಂಡ್ರಾ ಕರ್ವಿನ್ 1980ರ ದಶಕದಲ್ಲೇ ಇಂಥದ್ದೊಂದು ಕ್ರಮ ಹೇಳಿದ್ದರು. ಆದರೆ ನೋವಿದ್ದರೂ ಮಾಡಿ, ಭಾರ ಏರಿಸುತ್ತಾ ಹೋಗಿ ಎಂಬ ಧೈರ್ಯ ಆಲ್ಫ್ರೆಡ್ಸನ್ ಅವರದು.

ಮಾಡುವ ಬಗೆ ಸರಳ. ಐನ್‌ಮನೆಯ ಕಲ್ಲಿನ ಮೆಟ್ಟಿಲಾದರೂ ಆಯಿತು, ಲೈನ್‌ಮನೆಯ ಸಿಮೆಂಟಿನ ಮೆಟ್ಟಿಲಾದರೂ ಆಯಿತು. ಗೋಡೆಯನ್ನೋ ಕಂಬವನ್ನೋ ಹಿಡಿದು, ಎರಡೂ ಪಾದಗಳ ಮುಂಭಾಗವನ್ನು ಮೆಟ್ಟಿಲಿನ ಅಂಚಿಗಿಟ್ಟು, ಹಿಮ್ಮಡಿಗಳನ್ನು ಹೊರಗೆ ಬಿಡಬೇಕು. ಎರಡೂ ಕಾಲಿನ ಬಲದಿಂದ ತುದಿಗಾಲಿನ ಮೇಲೆ ಏಳಬೇಕು. ಮೈಭಾರವನ್ನು ನೋವಿರುವ ಕಾಲಿಗೆ ಸಾಗಿಸಿ, ಇನ್ನೊಂದನ್ನು ಎತ್ತಿಕೊಳ್ಳಬೇಕು. ಆಮೇಲೆ ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗಿನವರೆಗೆ, ಮೆಲ್ಲಗೆ, ತುಂಬಿದ ಬಿಂದಿಗೆ ಇಳಿಸಿದ ಹಾಗೆ ಇಳಿಸಬೇಕು. ಏಳುವಾಗ ಮತ್ತೆ ಒಳ್ಳೆಯ ಕಾಲಿನ ಸಹಾಯ. ಮೊಣಕಾಲು ನೆಟ್ಟಗಿಟ್ಟು ಹದಿನೈದರಂತೆ ಮೂರು ಸಲ, ಮೊಣಕಾಲು ತುಸು ಬಾಗಿಸಿ ಹದಿನೈದರಂತೆ ಮೂರು ಸಲ. ಬಾಗಿಸುವುದು ಒಳಗಿನ ಸ್ನಾಯುವಿಗೂ ಕೆಲಸ ಸಿಗಲೆಂದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನಕ್ಕೆ 180 ಇಳಿತ, ವಾರಕ್ಕೆ ಏಳೂ ದಿನ, ಹನ್ನೆರಡು ವಾರ. ನೋವಿಲ್ಲದೆ ಆಗತೊಡಗಿದರೆ ಬೆನ್ನಿಗೆ ಮಕ್ಕಳ ಸ್ಕೂಲ್ ಬ್ಯಾಗು ಏರಿಸಿ, ಅದರಲ್ಲಿ ಎರಡು ಕಿಲೋ, ಐದು ಕಿಲೋ ಅಕ್ಕಿ ತುಂಬುತ್ತಾ ಹೋಗಬಹುದು.

ಮೆಣಸಿನ ಏಣಿಯ ಭಂಗಿ ಇದೇ ಅಲ್ಲವೇ ಎಂದು ಕೇಳಬಹುದು. ಹೌದು, ಭಂಗಿ ಅದೇ. ಆದರೆ ಏಣಿಯ ಮೇಲೆ ಲೆಕ್ಕವಿಲ್ಲ, ಬಿಡುವಿಲ್ಲ, ಭಾರ ಏರಿಸುವ ಕ್ರಮವಿಲ್ಲ, ಗಮನವೆಲ್ಲ ಬೀಳದಂತೆ ನಿಲ್ಲುವುದರಲ್ಲೇ. ಕಂಡರವನ್ನು ಕೆಡಿಸುವುದೂ ಹೊರೆ, ಕಟ್ಟುವುದೂ ಹೊರೆ. ವ್ಯತ್ಯಾಸ ಅಳತೆಯದು.

ಆಲ್ಫ್ರೆಡ್ಸನ್ ಪಾಠ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಂದಲಿಲ್ಲ ಎಂಬುದನ್ನು ಸ್ವೀಡನ್ನಿನವರೇ ಮೊದಲು ಹೇಳಿದರು. 2003ರ ವರದಿಯಲ್ಲಿ ನಡುಭಾಗದ ನೋವಿರುವ ಕಂಡರಗಳ ಪೈಕಿ ಶೇ 89ರಷ್ಟು ಚೇತರಿಸಿಕೊಂಡರೆ, ಮೂಳೆಯ ಬುಡದ ನೋವಿನಲ್ಲಿ ಫಲ ಸಿಕ್ಕಿದ್ದು ಶೇ 32ಕ್ಕೆ ಮಾತ್ರ. ಹಿಮ್ಮಡಿ ಕೆಳಗಿಳಿದಾಗ ಕಂಡರ ಮೂಳೆಗೆ ಒತ್ತಿಕೊಳ್ಳುವುದೇ ಕಾರಣವಿರಬೇಕೆಂದು ಊಹಿಸಿ, 2008ರಲ್ಲಿ ಮೆಟ್ಟಿಲು ಬಿಟ್ಟು ನೆಲದ ಮೇಲೆಯೇ ಮಾಡಿಸಿದಾಗ ಮೂರರಲ್ಲಿ ಇಬ್ಬರಿಗೆ ಗುಣ ಕಂಡಿತು. ಆದ್ದರಿಂದ ನೋವು ಮೂಳೆಯ ಹತ್ತಿರವೇ ಇರುವವರು ಹಿಮ್ಮಡಿಯನ್ನು ನೆಲದ ಮಟ್ಟಕ್ಕಿಂತ ಕೆಳಗಿಳಿಸಬಾರದು. ಮೀನಖಂಡವನ್ನು ಜಗ್ಗಿ ಎಳೆಯುವ ಸ್ಟ್ರೆಚಿಂಗ್ ಕೂಡ ಅವರಿಗೆ ಒಳ್ಳೆಯದಲ್ಲ. ಊರಿನಲ್ಲಿ ಹೆಚ್ಚಾಗಿ ನಡೆಯುವ ತಪ್ಪು ಇದೇ.

ದಿನಕ್ಕೆ 180 ಸಲ ಎಂದರೆ ಯಾರಿಗೂ ಬೇಸರ ಬರುತ್ತದೆ. ಅದಕ್ಕೂ ಉತ್ತರ ಸಿಕ್ಕಿದೆ. 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು 58 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆಯ ಕ್ರಮ, ಇನ್ನೊಂದಕ್ಕೆ ವಾರದಲ್ಲಿ ಮೂರೇ ದಿನ ಹೆಚ್ಚು ಭಾರ ಹೊತ್ತು ನಿಧಾನವಾಗಿ ಏರಿಳಿಯುವ ಕ್ರಮ. ವರ್ಷದ ಕೊನೆಗೆ ಎರಡರ ಫಲವೂ ಸಮವಾಗಿತ್ತು. ಕುಯ್ಲಿನ ಕಾಲದಲ್ಲಿ ದಿನಾ ಎರಡು ಹೊತ್ತು ಬಿಡುವಿಲ್ಲದವರಿಗೆ ಇದು ದೊಡ್ಡ ಸಮಾಧಾನ.

ಕೆಲಸ ಬಿಡಬೇಕೇ ಎಂಬುದು ಮೂರ್ನಾಡಿನಂಥ ಊರಿನಲ್ಲಿ ಹೊಟ್ಟೆಪಾಡಿನ ಪ್ರಶ್ನೆ. ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟವರು ಕಾರಿನ್ ಸಿಲ್ಬರ್ನಾಗೆಲ್. ಸ್ವೀಡನ್ನಿನಲ್ಲಿ 38 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಒಂದು ಗುಂಪಿಗೆ ವ್ಯಾಯಾಮದ ಜೊತೆಗೆ ಓಟ ನೆಗೆತ ಮುಂದುವರಿಸಲು ಬಿಟ್ಟರು. ಷರತ್ತು ಎರಡು: ಹತ್ತರಲ್ಲಿ ಐದಕ್ಕಿಂತ ಹೆಚ್ಚು ನೋವು ಬರಬಾರದು, ಬಂದ ನೋವು ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಪೂರ್ತಿ ನಿಲ್ಲಿಸಿದವರಿಗಿಂತ ಇವರು ಹಿಂದೆ ಬೀಳಲಿಲ್ಲ. ಐದು ವರ್ಷಗಳ ನಂತರ ಮತ್ತೆ ಪರೀಕ್ಷೆಗೆ ಸಿಕ್ಕ 34 ಮಂದಿಯಲ್ಲಿ 27 ಮಂದಿ ಪೂರ್ಣ ಗುಣವಾಗಿದ್ದರು. ಉಳಿದ ಏಳು ಮಂದಿಯನ್ನು ಮರೆಯಬಾರದು, ಮೆಟ್ಟಿಲಿನಿಂದ ಎಲ್ಲರೂ ಗುಣವಾಗುತ್ತಾರೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕೂಲಿ ಕಳೆದುಕೊಳ್ಳದೆ ಗುಣವಾಗಬಹುದು ಎಂಬುದು ಈ ಪ್ರಯೋಗದಿಂದ ಸಿಗುವ ಅತ್ಯಂತ ಬೆಲೆಯುಳ್ಳ ಮಾತು. ಮುಂಜಾನೆಯ ಮೊದಲ ಹೆಜ್ಜೆಗಳೇ ಇಲ್ಲಿ ತಕ್ಕಡಿ. ನಿನ್ನೆಗಿಂತ ಹೆಚ್ಚು ಬಿಗಿದಿದ್ದರೆ ನಿನ್ನೆಯ ಕೆಲಸ ಹೆಚ್ಚಾಯಿತೆಂದು ಅರ್ಥ. ಅಂದು ಏರಿನ ಬದಲು ಕಣದ ಕೆಲಸ ಕೊಡುವಂತೆ ಮೇಸ್ತ್ರಿಯನ್ನು ಕೇಳಬಹುದು, ಕೇಳಿದಾಗ ಕೊಡುವುದು ತೋಟದವರಿಗೂ ಲಾಭವೇ.

ಪಾದರಕ್ಷೆಯ ಮಾತು ಸಣ್ಣದೆನಿಸಿದರೂ ಸಣ್ಣದಲ್ಲ. ಮಳೆಗಾಲದಲ್ಲಿ ಜಿಗಣೆಗೆ ಹೆದರಿ ಎಲ್ಲರ ಕಾಲಲ್ಲೂ ಗಮ್‌ಬೂಟು, ಉಳಿದಂತೆ ಸವೆದು ತೆಳುವಾದ ಹವಾಯಿ ಚಪ್ಪಲಿ. ಚಪ್ಪಲಿಯಲ್ಲಿ ಹಿಮ್ಮಡಿ ನೆಲಕ್ಕಂಟುವುದರಿಂದ ಏರಿನಲ್ಲಿ ಕಂಡರ ಪೂರ್ತಿ ಎಳೆಯುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 100 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೂ ಒಳಗೆ ಹಿಮ್ಮಡಿಯಡಿ 12 ಮಿಲಿಮೀಟರ್ ದಪ್ಪದ ತುಂಡು ಇಟ್ಟುಕೊಂಡವರು ಹನ್ನೆರಡು ವಾರಗಳ ಹೊತ್ತಿಗೆ ವ್ಯಾಯಾಮ ಮಾಡಿದವರಿಗಿಂತಲೂ ಹೆಚ್ಚು ಆರಾಮ ಕಂಡರು. ಗಮ್‌ಬೂಟಿನೊಳಗೆ ಎರಡೂ ಕಾಲಿಗೆ ಸಮನಾಗಿ ಇಂಥ ತುಂಡು ಹಾಕಿಕೊಳ್ಳಲು ಹೆಚ್ಚು ಖರ್ಚಿಲ್ಲ. ಆದರೆ ಅದು ನೋವನ್ನು ತಗ್ಗಿಸುತ್ತದೆ, ಮೀನಖಂಡಕ್ಕೆ ಬಲ ಕೊಡುವುದಿಲ್ಲ. ಎರಡೂ ಜೊತೆಗಿರುವುದು ಲೇಸು.

ಇನ್ನು ಇಂಜೆಕ್ಷನ್. ನಮ್ಮಲ್ಲಿ ಚುಚ್ಚದ ವೈದ್ಯರ ಮೇಲೆ ಜನರಿಗೆ ನಂಬಿಕೆ ಕಡಿಮೆ. ಸ್ಟೆರಾಯ್ಡ್ ಇಂಜೆಕ್ಷನ್ ನೋವನ್ನು ಬೇಗ ಇಳಿಸುತ್ತದೆ, ಅದೇ ಅದರ ಅಪಾಯವೂ ಹೌದು. ಕಂಡರದ ಒಳಕ್ಕೇ ಸೂಜಿ ಹೋದರೆ ಎಳೆಗಳು ಬಲಗುಂದಿ ಹರಿಯುವ ಭಯವಿದೆ. 2022ರಲ್ಲಿ ಡೆನ್ಮಾರ್ಕಿನ 100 ರೋಗಿಗಳ ಪ್ರಯೋಗದಲ್ಲಿ ಅಲ್ಟ್ರಾಸೌಂಡ್ ನೋಡುತ್ತಾ ಕೊಟ್ಟ ಇಂಜೆಕ್ಷನ್ ಒಳ್ಳೆಯ ಫಲ ಕೊಟ್ಟಿತು, ಆದರೆ ಅದು ವ್ಯಾಯಾಮದ ಜೊತೆಗೆ. ಅಲ್ಟ್ರಾಸೌಂಡ್ ಇಲ್ಲದೆ, ವ್ಯಾಯಾಮ ಹೇಳಿಕೊಡದೆ, ನೋವಿದ್ದಲ್ಲಿಗೆ ಚುಚ್ಚಿ ಕಳಿಸುವುದಕ್ಕೆ ಆ ಪ್ರಯೋಗದ ಬೆಂಬಲವಿಲ್ಲ. ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವವನ್ನು ಚುಚ್ಚುವ ಪಿಆರ್‌ಪಿ ನಗರಗಳಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. 2010ರಲ್ಲಿ ನೆದರ್ಲೆಂಡ್ಸ್‌ನ 54 ರೋಗಿಗಳಲ್ಲಿ ಅದು ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಮೇಲೆನಿಸಲಿಲ್ಲ. 2021ರಲ್ಲಿ ಬ್ರಿಟನ್ನಿನ 240 ರೋಗಿಗಳಲ್ಲೂ ಹುಸಿ ಇಂಜೆಕ್ಷನ್ನಿಗಿಂತ ಹೆಚ್ಚೇನೂ ಮಾಡಲಿಲ್ಲ. ಸಾಲ ಮಾಡಿ ಪಿಆರ್‌ಪಿ ಮಾಡಿಸಿಕೊಳ್ಳಬೇಕಾದ ಅಗತ್ಯ ಯಾರಿಗೂ ಇಲ್ಲ. ಶಾಕ್‌ವೇವ್ ಯಂತ್ರದ ಸ್ಥಿತಿ ಇದಕ್ಕಿಂತ ವಾಸಿ. 2009ರಲ್ಲಿ ಜರ್ಮನಿಯ 68 ರೋಗಿಗಳಲ್ಲಿ ಬರೀ ವ್ಯಾಯಾಮದಿಂದ ಶೇ 56ರಷ್ಟು ಮಂದಿಗೆ ಗುಣವಾದರೆ, ವ್ಯಾಯಾಮದೊಂದಿಗೆ ಶಾಕ್‌ವೇವ್ ಸೇರಿಸಿದಾಗ ಶೇ 82 ಮಂದಿಗೆ ಆಯಿತು. ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಬಂದಿಲ್ಲ. ಮೂರು ತಿಂಗಳ ವ್ಯಾಯಾಮಕ್ಕೂ ಬಗ್ಗದ ನೋವಿಗೆ ಮೈಸೂರಿಗೋ ಮಂಗಳೂರಿಗೋ ಹೋಗಿ ಪ್ರಯತ್ನಿಸಬಹುದು.

ಶಸ್ತ್ರಚಿಕಿತ್ಸೆಗೆ ಜಾಗವೇ ಇಲ್ಲವೆಂದಲ್ಲ. 2023ರ ವಿಶ್ವಕಪ್ಪಿನಲ್ಲಿ 24 ವಿಕೆಟ್ ಕಿತ್ತ ಮೊಹಮ್ಮದ್ ಶಮಿ ಅವರ ಹಿಮ್ಮಡಿ ನೋವಿಗೆ ಇಂಜೆಕ್ಷನ್ ಕೆಲಸ ಮಾಡದೆ, 2024ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಅಕಿಲಿಸ್ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ತಿಂಗಳುಗಟ್ಟಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಪಡೆದು, ನವೆಂಬರಿನಲ್ಲಿ ರಣಜಿ ಪಂದ್ಯಕ್ಕೆ ಮರಳಿದರು. ಚಾಕುವಿನ ನಂತರವೂ ಕಾಯುವಿಕೆ ತಪ್ಪಲಿಲ್ಲ. 2021ರಲ್ಲಿ ಹೊರಬಂದ ಡಚ್ ವೈದ್ಯರ ಮಾರ್ಗಸೂಚಿ ಕನಿಷ್ಠ ಹನ್ನೆರಡು ವಾರ ವ್ಯಾಯಾಮವನ್ನೂ, ಆರು ತಿಂಗಳ ಪ್ರಯತ್ನ ಸೋತ ಮೇಲಷ್ಟೇ ಶಸ್ತ್ರಚಿಕಿತ್ಸೆಯ ಯೋಚನೆಯನ್ನೂ ಹೇಳುತ್ತದೆ.

ಔಷಧಿ ಅಂಗಡಿಯ ಕಡೆಗೊಂದು ಎಚ್ಚರಿಕೆ ಅಗತ್ಯ. ಭೇದಿಗೆ, ಉರಿಮೂತ್ರಕ್ಕೆ ಚೀಟಿಯಿಲ್ಲದೆ ಕೊಂಡು ನುಂಗುವ ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಹಿಮ್ಮಡಿ ಕಂಡರವನ್ನು ಕೆಡಿಸಬಲ್ಲವು, ಹರಿಸಲೂ ಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಇಂಥ ಮಾತ್ರೆ ಶುರುವಾದ ಮೇಲೆ ಹಿಮ್ಮಡಿ ನೊಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸಕ್ಕರೆ ಕಾಯಿಲೆ, ಏರಿದ ಕೊಲೆಸ್ಟರಾಲ್ ಕೂಡ ಈ ಕಂಡರದ ಹಗೆಗಳು. ಎರಡೂ ಹಿಮ್ಮಡಿ ನೋಯುತ್ತಾ ಬೆಳಗಿನ ಹೊತ್ತು ಸೊಂಟವೂ ಹಿಡಿಯುವ ಯುವಕರು ಸಂಧಿವಾತದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಂಡರ ಹರಿಯುವ ಗಳಿಗೆ ಬೇರೆಯೇ. ಹಿಂದಿನಿಂದ ಯಾರೋ ಒದ್ದಂತೆ, ಕೋಲು ಮುರಿದ ಸದ್ದಾದಂತೆ ಅನಿಸುತ್ತದೆ, ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ. ತುದಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಬೋರಲು ಮಲಗಿಸಿ ಮೀನಖಂಡ ಹಿಂಡಿದರೆ ಪಾದ ಅಲ್ಲಾಡುವುದಿಲ್ಲ. ಆಗ ಎಣ್ಣೆ ತಿಕ್ಕುತ್ತಾ ದಿನ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. 2016ರಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮಡಿಕೇರಿಯಲ್ಲೇ ಇದೆ. ಹರಿದದ್ದಕ್ಕೂ ಹೊಲಿಗೆಯೊಂದೇ ದಾರಿಯಲ್ಲ ಎಂಬುದು ನಾರ್ವೆಯ 2022ರ ದೊಡ್ಡ ಪ್ರಯೋಗದಿಂದ ಗೊತ್ತಾಗಿದೆ. 554 ರೋಗಿಗಳಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ, ಉಳಿದವರಿಗೆ ಪಟ್ಟಿ ಮತ್ತು ವ್ಯಾಯಾಮ. ವರ್ಷದ ನಂತರ ನಡಿಗೆ, ಬಲ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಹೊಲಿಸಿಕೊಳ್ಳದವರಲ್ಲಿ ಶೇ 6.2 ಮಂದಿಗೆ ಮತ್ತೆ ಹರಿಯಿತು, ಹೊಲಿಸಿಕೊಂಡವರಲ್ಲಿ ಶೇ 0.6 ಮಂದಿಗೆ. ಪ್ರತಿಯಾಗಿ ನರಕ್ಕೆ ಪೆಟ್ಟಾದದ್ದು ಹೊಲಿಸಿಕೊಂಡವರಲ್ಲೇ ಹೆಚ್ಚು. ಆಯ್ಕೆಗೆ ಎರಡೂ ಮುಖ ತಿಳಿದಿರಬೇಕು, ಪಟ್ಟಿ ಹಾಕುವುದಾದರೂ ಮೊದಲ ದಿನಗಳಲ್ಲೇ ಹಾಕಬೇಕು.

ಕೊಡಗಿನವರಿಗೆ ತಾಳ್ಮೆಯ ಮದ್ದು ಹೊಸದಲ್ಲ. ಇದೇ ಜಿಲ್ಲೆಯ ರೋಹನ್ ಬೋಪಣ್ಣ ಸವೆದ ಮೊಣಕಾಲುಗಳಿಗೆ ನೋವಿನ ಮಾತ್ರೆ ನುಂಗಿ ಆಡುತ್ತಿದ್ದ ದಿನಗಳನ್ನೂ, ಬೆಂಗಳೂರಿನಲ್ಲಿ ಅಯ್ಯಂಗಾರ್ ಯೋಗ ಹಿಡಿದ ಮೇಲೆ ಮಾತ್ರೆ ಬಿಟ್ಟದ್ದನ್ನೂ ತಾವೇ ಹೇಳಿಕೊಂಡಿದ್ದಾರೆ. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಮೊಣಕಾಲು ಹಿಮ್ಮಡಿಯಲ್ಲ, ಯೋಗ ಮೆಟ್ಟಿಲಲ್ಲ, ಒಬ್ಬರ ಅನುಭವ ಎಲ್ಲರಿಗೂ ಸಾಕ್ಷಿಯಲ್ಲ. ಆದರೂ ದಿನದಿನದ ಅಭ್ಯಾಸದ ಮೇಲೆ ಭರವಸೆ ಇಡಲು ಇಲ್ಲಿನವರಿಗೆ ಅಷ್ಟು ಸಾಕು.

ಕೊರತೆ ಇರುವುದು ಹೇಳಿಕೊಡುವವರದು. ಎಷ್ಟು ಇಳಿಸಬೇಕು, ಎಂದು ಭಾರ ಏರಿಸಬೇಕು, ನೋವು ನಡುಭಾಗದ್ದೋ ಬುಡದ್ದೋ ಎಂಬುದನ್ನು ಮೊದಲ ದಿನ ಯಾರಾದರೂ ಮುಟ್ಟಿ ನೋಡಿ ಹೇಳಬೇಕು. ತಿಂಗಳಿಗೊಮ್ಮೆ ತಿದ್ದಬೇಕು. ಮೈಸೂರು, ಮಂಗಳೂರುಗಳ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಕಲಿತವರು ಕುಯ್ಲಿನ ಮೊದಲು ಒಂದು ದಿನ ತೋಟಗಳಿಗೆ ಬಂದು ಇದನ್ನು ತೋರಿಸಿದರೆ, ಹಾಕಿ ಹಬ್ಬ ನಡೆಸುವ ಕುಟುಂಬಗಳು ತಂಡಗಳ ನೋಂದಣಿಯ ಜೊತೆಗೆ ಈ ವ್ಯಾಯಾಮದ ಒಂದು ಹಾಳೆಯನ್ನೂ ಹಂಚಿದರೆ, ಎಷ್ಟೋ ಕಾಲುಗಳು ಉಳಿಯುತ್ತವೆ. ಹಬ್ಬ ಏಪ್ರಿಲ್ ಹೊತ್ತಿಗೆ ಬರುತ್ತದೆ, ಕಂಡರಕ್ಕೆ ಹನ್ನೆರಡು ವಾರ ಬೇಕು. ಮುಂದಿನ ಸಲ ಕುಟುಂಬದ ಹೆಸರಿನಲ್ಲಿ ಸ್ಟಿಕ್ ಹಿಡಿಯಲಿರುವವರು ಜನವರಿಯ ಮೊದಲ ವಾರದಲ್ಲೇ ಮನೆಯ ಮೆಟ್ಟಿಲಿನ ಅಂಚಿಗೆ ನಿಲ್ಲಲಿ.